ಸಾಲಗಾಮೆ ರಸ್ತೆಯ ರಾತ್ರಿ ಪಾಳಿ

ರಾತ್ರಿ ಒಂಬತ್ತರಿಂದ ಐದರವರೆಗೆ ನನ್ನ ಪಾಳಿ.
ಹೆಸರು ಚೌರಪ್ಪ, ಎರಡನೇ ಗೇಟು.
ಬೇಲಿಯಾಚೆ ಉಪಗ್ರಹ ಕೇಂದ್ರದ ಬಿಳೀ ಬಾಣಲೆಗಳು
ಮುಗಿಲಿಗೆ ಬಾಯಿ ತೆರೆದು ಕೂತಿವೆ;
ಡಿಸೆಂಬರಿನ ಮಂಜು ಅವಕ್ಕೆ ಬಡಿಸುವುದು
ಬರೀ ತಣ್ಣೀರು.

ಒಳಗಿರುವವರು ಮೇಲಿರುವುದನ್ನು ನಂಬರಿನಿಂದ ಕರೆಯುತ್ತಾರೆ.
ನನಗೆ ಕಲಿಸಿದ್ದು ಬೇರೆ:
ಅವನು ಚುಕ್ಕಿಗಳನ್ನು ಎಣಿಸುತ್ತಾನೆ,
ಒಂದೊಂದನ್ನೂ ಹೆಸರು ಹಿಡಿದು ಕೂಗುತ್ತಾನೆ.
ಹಾಜರಿ ಪುಸ್ತಕ ಹಿಡಿದ ನನಗೆ
ಆ ದೇವರ ಹತ್ತಿರ ಸ್ವಲ್ಪ ಸಲಿಗೆ.
ಅವನಿಗೂ ರಾತ್ರಿ ಪಾಳಿಯೇ.

ಮುದುಕ ಅಬ್ರಹಾಮನನ್ನು ಡೇರೆಯಿಂದ ಹೊರಗೆ ಕರೆದು
ಎಣಿಸು ನೋಡೋಣ ಅಂದನಂತೆ.
ಎಣಿಸಿದ್ದೇನೆ ನಾನೂ, ನಿದ್ದೆ ತಡೆಯಲಾಗದ ಎರಡೂವರೆಗೆ,
ನೀರಿನ ಟ್ಯಾಂಕಿಯಿಂದ ನೀಲಗಿರಿ ತೋಪಿನ ತನಕ:
ನಾನೂರ ಹನ್ನೆರಡು. ಅಷ್ಟರಲ್ಲಿ ಲಾರಿಯೊಂದು ಬಂತು.
ಮದುವೆಯಾಗಿ ಹತ್ತೊಂಬತ್ತು ವರ್ಷ.
ಆ ಅಧ್ಯಾಯ ಬಂದರೆ ಲೂರ್ದು ಹಾಳೆ ಮಗುಚುತ್ತಾಳೆ,
ಸದ್ದಾಗದ ಹಾಗೆ.

ಜೋಸೆಫನ ಕನಸಲ್ಲಿ ಹನ್ನೊಂದು ನಕ್ಷತ್ರ ಅಡ್ಡಬಿದ್ದವು.
ನನಗೆ ಐವರು ಅಣ್ಣಂದಿರು. ಊರು ಹೇಮಾವತಿ ಹಿನ್ನೀರಿಗೆ ಹೋಗಿ
ಪರಿಹಾರದ ಹಣ ಹಂಚಿಕೊಂಡಾಗ
ಕಿರಿಯವನಿಗೆ ಬಂದದ್ದು ಅಪ್ಪನ ಸೈಕಲ್ಲು
ಮತ್ತು ಕಂಡ ಕನಸು ಹೇಳಬಾರದೆಂಬ ಬುದ್ಧಿ.
ಯಾರೂ ಬಾಗಲಿಲ್ಲ.
ಸೈಕಲ್ಲು ಮಾತ್ರ, ಸ್ಟ್ಯಾಂಡು ಸಡಿಲವಾಗಿ,
ಗೋಡೆಗೆ ಒರಗುವಾಗ ಸ್ವಲ್ಪ ಬಾಗುತ್ತದೆ.

ಕೋಪದ ನಕ್ಷತ್ರಗಳೂ ಉಂಟು.
ತಮ್ಮ ದಾರಿ ಬಿಡದೆಯೇ ಸೀಸೆರನ ರಥಗಳೊಡನೆ ಕಾದಾಡಿದವು,
ಘಟಸರ್ಪ ಬಾಲ ಬೀಸಿದಾಗ ಮೂರರಲ್ಲೊಂದು ಪಾಲು ಉದುರಿದವು.
ಇವನ್ನೆಲ್ಲ ನಾನು ಹಗಲಲ್ಲಿ ಓದುತ್ತೇನೆ.

ಒಂದು ರಾತ್ರಿ ಚಹಾ ಹಿಡಿದು ಗೇಟಿನ ತನಕ ಬಂದ
ಸುಭಾಷಿಣಿ ಮೇಡಮ್ಮನ್ನು ಕೇಳಿಯೇಬಿಟ್ಟೆ:
"ಮೂಡಣದ ಜೋಯಿಸರ ಮುಂದೆ ನಡೆದ ನಕ್ಷತ್ರ
ಕೂಸಿದ್ದ ಮನೆ ಮೇಲೆ ಬಂದು ನಿಂತಿತಂತೆ.
ನಿಲ್ಲುತ್ತಾ ಮೇಡಂ, ನಕ್ಷತ್ರ?"
ನಗಲಿಲ್ಲ ಆಕೆ. ಚಹಾ ಊದಿದರು.
"ನಕ್ಷತ್ರದ ಮಾತು ಗೊತ್ತಿಲ್ಲ, ಚೌರಪ್ಪ.
ನಾವು ಕಾಯೋವು ನಿಂತ ಹಾಗೆ ಕಾಣ್ತವೆ, ನಿಂತಿರಲ್ಲ.
ಭೂಮಿ ತಿರುಗಿದ ಹಾಗೇ ತಿರುಗ್ತಿರ್ತವೆ,
ಜೊತೆ ಬಿಡಲ್ಲ ಅಷ್ಟೆ.
ಸ್ವಲ್ಪ ಜಾರಿದ್ರೆ ನಾವು ತಳ್ಳಿ ಸರಿ ಮಾಡ್ತೀವಿ."
ಆ ರಾತ್ರಿ ಸುತ್ತು ಹೊಡೆಯುವಾಗ
ಟಾರ್ಚು ಹಚ್ಚಲು ಮರೆತೆ.

ಇವತ್ತು ಪಾಳಿ ಬಿಟ್ಟಾಗ
ಡೇರಿ ವ್ಯಾನಿನ ಹಿಂದೆ, ಮೂಡಲಲ್ಲಿ, ಬೆಳ್ಳಿಚುಕ್ಕಿ.
ಕಟ್ಟಕಡೆಯ ಹಾಳೆಯಲ್ಲಿ ಅವನು ತನ್ನನ್ನು
ಕರೆದುಕೊಳ್ಳುವುದು ಅದರ ಹೆಸರಿನಿಂದ.
ನಮ್ಮವ್ವ ಅದನ್ನು ನೋಡಿ ಹಾಲು ಕರೆಯಲು ಏಳುತ್ತಿದ್ದಳು;
ಮನೆಯಲ್ಲಿ ಗಡಿಯಾರ ಇರಲಿಲ್ಲ.

ಕಟ್ಟಿನಕೆರೆ ಮಾರುಕಟ್ಟೆ ದಾಟಿ ಓಣಿಗೆ ತಿರುಗಿದೆ.
ನಮ್ಮ ಮನೆ ಮುಂದಿನ ಕಾಗದದ ನಕ್ಷತ್ರ ಕತ್ತಲು.
ಬಲ್ಬು ತಾ ಎಂದು ಲೂರ್ದು ಹೇಳಿ ಮೂರು ದಿನ.
ಎದುರು ಜಗಲಿಯಲ್ಲಿ ಹೂ ಕಟ್ಟುವ ಪುಟ್ಟತಾಯಮ್ಮ:
"ನಿಮ್ ಚುಕ್ಕಿ ಕೆಟ್ಟೋಯ್ತಲ್ಲಪ್ಪ.
ಅದ್ರ ಬೆಳಕ್ನಾಗೇ ಕಟ್ತಿದ್ದೆ. ಈಗ
ದವನ ಯಾವ್ದು, ಮಾಚಿಪತ್ರೆ ಯಾವ್ದು
ಮೂಸಿ ನೋಡ್ಬೇಕು."

ಮಾಚಿಪತ್ರೆ.
ಆ ಹೆಸರಿನದೊಂದು ನಕ್ಷತ್ರ ಪಂಜಿನ ಹಾಗೆ ಉರಿಯುತ್ತ ಬಿದ್ದು
ಹೊಳೆಗಳು ಕಹಿಯಾದದ್ದನ್ನು ಓದಿದ ದಿನದಿಂದ
ಹೇಮಾವತಿ ನಲ್ಲಿಗೆ ಬಂದಾಗಲೆಲ್ಲ
ಒಂದು ಗುಟುಕು ಬಾಯಲ್ಲಿ ತಡೆದು ನೋಡುತ್ತೇನೆ.

ಲೂರ್ದು ಮಾತಾಡಲಿಲ್ಲ.
ಪೀಠದ ಮುಂದಿನ ಕೆಂಪು ಬಲ್ಬು ಬಿಚ್ಚಿ ತಂದು
ಸ್ಟೂಲು ಹತ್ತಿ, ನಕ್ಷತ್ರದ ಹೊಟ್ಟೆಗೆ ಕೈ ಹಾಕಿ
ತಿರುಗಿಸಿದಳು.
ಮಲ್ಲಿಗೆ, ಕನಕಾಂಬರ, ಮುದುಕಿಯ ಕೈ, ಎಲ್ಲ ಒಂದೇ ಕೆಂಪು.
"ಈಗ್ಲೂ ಗೊತ್ತಾಗಲ್ಲ ಬಿಡು," ಪುಟ್ಟತಾಯಮ್ಮ ನಕ್ಕು
ಒಂದು ಕಡ್ಡಿ ಎಸೆದಳು.
ಮೂಸಿದೆ. ಅದೇ.
ಲೂರ್ದು ನನ್ನ ಕೈಯಿಂದ ಕಿತ್ತುಕೊಂಡು, ಸೆರಗಿಗೆ ಒರೆಸಿ,
ಜಡೆಗೆ ಸಿಕ್ಕಿಸಿ, ಹಾಲು ಕಾಯಿಸಲು ಹೋದಳು.

ಸೈಕಲ್ಲನ್ನು ಗೋಡೆಗೆ ಒರಗಿಸಿದೆ.